ಬೆಳ್ಳಿ ಹಲ್ಲು ಆರಿಸುವ ಹಲ್ಲಕ್ಕ

ಬೆಳಿಗ್ಗೆ ಆರೂಕಾಲು. ದಂತ ಕಾಲೇಜಿನ ಹಿಂಬದಿಯ ಕೋಣೆಯಲ್ಲಿ ದೀಪ ಉರಿಯುತ್ತಿದೆ. ಎರಡೂ ಕಿಟಕಿ ತೆರೆದಿವೆ, ಚಳಿ ಹೇಳದೆ ಕೇಳದೆ ಒಳಗೆ ಬರುತ್ತಿದೆ. ಮೇಜಿನ ಮೇಲೆ ಸ್ಟೀಲ್ ತಟ್ಟೆ, ತಟ್ಟೆಯ ತುಂಬ ಕಿತ್ತ ಹಲ್ಲುಗಳು. ಕೈಗವಸು, ಮುಖಗವಸು ತೊಟ್ಟ ಐವತ್ಮೂರರ ಹೆಂಗಸೊಬ್ಬರು ಚಿಮಟದಿಂದ ಒಂದೊಂದನ್ನೇ ಎತ್ತಿ, ದೀಪಕ್ಕೆ ಹಿಡಿದು, ತಿರುಗಿಸಿ ನೋಡುತ್ತಿದ್ದಾರೆ. ಥೇಟ್ ಬೇಳೆಯಲ್ಲಿ ಕಲ್ಲು ಆರಿಸಿದಂತೆ. ಬೂದುಬಣ್ಣದ ಲೋಹ ಕಂಡರೆ ಕೆಂಪು ಮುಚ್ಚಳದ ಬಾಟಲಿಗೆ, ಇಲ್ಲದಿದ್ದರೆ ಪಕ್ಕದ ಡಬ್ಬಿಗೆ.

ಬಾಗಿಲಲ್ಲೇ ನಿಂತ ನನ್ನನ್ನು ನೋಡಿ, "ಹತ್ತಿರ ಬನ್ನಿ, ಇವು ಕಚ್ಚಲ್ಲ" ಎನ್ನುತ್ತಾರೆ.

ಕಾಲೇಜಿಗೆಲ್ಲ ಇವರು ಹಲ್ಲಕ್ಕ. ಹೊಸ ವಿದ್ಯಾರ್ಥಿಗಳು ರೋಗಿಯ ಬಾಯಿಗೆ ಕೈ ಹಾಕುವ ಮೊದಲು ಕಿತ್ತ ಹಲ್ಲುಗಳನ್ನು ಕೊರೆದು ಕಲಿಯಬೇಕು. ಅವನ್ನು ಊರಿನ ಕ್ಲಿನಿಕ್‌ಗಳಿಂದ ತರಿಸಿ, ತೊಳೆದು, ರೋಗಾಣು ಕಳೆದು ಕೊಡುವುದು ಇಪ್ಪತ್ನಾಲ್ಕು ವರ್ಷದಿಂದ ಇವರ ಕೆಲಸ. ದಿನಕ್ಕೆ ಸುಮಾರು ನೂರಿಪ್ಪತ್ತು ಹಲ್ಲು. ಅದರಲ್ಲಿ ಬೆಳ್ಳಿ ತುಂಬಿಸಿದವು ಹದಿನೈದೋ ಇಪ್ಪತ್ತೋ. ಇವರು ಕೊಟ್ಟ ಹಲ್ಲಿನ ಮೇಲೆ ಕೈ ಪಳಗಿಸಿಕೊಂಡು ಡಾಕ್ಟರಾದವರು ಸಾವಿರಾರು ಮಂದಿ. ಪದವಿ ಕೊಡುವ ಸಮಾರಂಭಕ್ಕೆ ಮಾತ್ರ ಇವರನ್ನು ಯಾರೂ ಕರೆದಿಲ್ಲ. ಅದಕ್ಕೆ ನನಗೆ ಸಿಟ್ಟು ಬರುತ್ತದೆ, ಅವರಿಗೆ ಬರುವುದಿಲ್ಲ.

ನಾವು ಬೆಳ್ಳಿ ಎನ್ನುವ ಆ ತುಂಬುವಿಕೆಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಪಾದರಸ. ಬಾಯಲ್ಲಿ ಗಟ್ಟಿಯಾಗಿ ಕೂತಿರುವಾಗ ಅದರಿಂದ ಹೊರಡುವ ಆವಿ ತೀರ ಕಡಿಮೆ. ಕಾಯಿಸಿದರೆ ಕಥೆಯೇ ಬೇರೆ. ಇದನ್ನು ಹಲ್ಲಕ್ಕನಿಗೆ ಯಾರೂ ಹೇಳಿರಲಿಲ್ಲ. ಹದಿನೆಂಟು ವರ್ಷ ಅವರು ಎಲ್ಲ ಹಲ್ಲನ್ನೂ ಒಟ್ಟಿಗೇ ಬಿಸಿ ಹಬೆಯ ಯಂತ್ರಕ್ಕೆ ಹಾಕಿದರು. ಧೂಳು ಬರದಿರಲೆಂದು ಕಿಟಕಿ ಮುಚ್ಚಿದರು. ಯಂತ್ರದ ಪಕ್ಕದಲ್ಲೇ ನಿಂತು ಕಾದರು.

"ಚೊಕ್ಕವಾಗಿರ್ಲಿ ಅಂತ ಎರಡೆರಡು ಸಲ ಬೇಯಿಸ್ತಿದ್ದೆ. ನನ್ನ ಅಚ್ಚುಕಟ್ಟೇ ನನಗೆ ಮುಳುವಾಯ್ತು ನೋಡಿ."

ಮೊದಲು ಬೆರಳು ನಡುಗಿತು, ಸೂಜಿಗೆ ದಾರ ಪೋಣಿಸಲಾಗಲಿಲ್ಲ. ಆಮೇಲೆ ನಿದ್ದೆ ಕೆಟ್ಟಿತು, ಸಣ್ಣದಕ್ಕೂ ರೇಗತೊಡಗಿದರು. ವಯಸ್ಸಾಯಿತು ಎಂದರು ಅಕ್ಕಪಕ್ಕದವರು. ಗಂಡ ಟಾನಿಕ್ ತಂದುಕೊಟ್ಟರು. ಆರು ವರ್ಷದ ಹಿಂದೆ ಹೊಸದಾಗಿ ಬಂದ ಉಪನ್ಯಾಸಕಿಯೊಬ್ಬರಿಗೆ ಅನುಮಾನ ಬಂತು. ಗಾಳಿಯಲ್ಲಿನ ಪಾದರಸ ಅಳೆಯುವ ಮೀಟರನ್ನು ಅವರು ಯಂತ್ರದ ಬಾಯಿಗೆ ಹಿಡಿದರೆ ಅಂಕಿ ಸರಸರನೆ ಏರಿತು. ಹಲ್ಲಕ್ಕನ ಮೂತ್ರ ಪರೀಕ್ಷೆಯೂ ಅದನ್ನೇ ಹೇಳಿತು. ಅಂದಿನಿಂದ ಬೆಳ್ಳಿ ಹಲ್ಲಿಗೆ ಬಿಸಿ ಇಲ್ಲ. ರೋಗಾಣು ಕೊಲ್ಲುವ ದ್ರಾವಣದಲ್ಲಿ ನೆನೆಸಿ, ಬಿಗಿಯಾಗಿ ಮುಚ್ಚಿಡುವ ಪದ್ಧತಿ. ಆವಿಯಿಂದ ದೂರವಿದ್ದರೆ ನಡುಕ ಕಡಿಮೆಯಾಗಬಹುದು, ಪೂರ್ತಿ ಹೋಗುವುದೋ ಇಲ್ಲವೋ ಕಾದು ನೋಡಬೇಕು ಎಂದರು ವೈದ್ಯರು. ಹಲ್ಲಕ್ಕ ಕಾಯುತ್ತಲೇ ಇದ್ದಾರೆ.

ಕಳೆದ ವರ್ಷ ಅವರ ಸೊಸೆ ಇದೇ ಕಾಲೇಜಿನ ಮೇಲಿನ ಮಹಡಿಯಲ್ಲಿ ಸಹಾಯಕಿಯಾಗಿ ಸೇರಿದಳು. ಡಾಕ್ಟರಿಗೆ ಪಾದರಸ ಬೆರೆಸಿ ಬೆಳ್ಳಿ ಕಲಸಿ ಕೊಡುವುದು ಅವಳ ಪಾಲಿಗೆ ಬಂತು. ನಾಲ್ಕು ತಿಂಗಳ ಹಿಂದೆ, ಅವಳು ಬಸುರಿ ಎಂದು ತಿಳಿದ ದಿನವೇ ಅತ್ತೆ ಕಾಲೇಜಿನ ಮುಖ್ಯಸ್ಥರ ಕೋಣೆಗೆ ನುಗ್ಗಿದರು. ಸೊಸೆಯನ್ನು ಆ ಕೆಲಸದಿಂದ ಬಿಡಿಸಿ ಎಂದರು.

"ಏನಮ್ಮ ನೀವು, ಇಷ್ಟು ವರ್ಷ ಇಲ್ಲಿ ಯಾರಿಗೂ ಏನೂ ಆಗಿಲ್ವಲ್ಲ!" ಎಂದರು ಮುಖ್ಯಸ್ಥರು.

ಹಲ್ಲಕ್ಕ ವಾದಕ್ಕೆ ಇಳಿಯಲಿಲ್ಲ. ಬಲಗೈ ಚಾಚಿ, ಅವರ ಮೇಜಿನ ಮೇಲಿದ್ದ ಒಂದು ಹಾಳೆಯನ್ನು ತಮ್ಮ ಬೆರಳುಗಳ ಮೇಲೆ ಇಟ್ಟುಕೊಂಡರು. ಹಾಳೆ ಅದುರಿತು.

"ಫ್ಯಾನ್ ಗಾಳಿ ಅಂದ್ಕೋಬೇಡಿ ಸರ್. ಅದನ್ನ ಆರಿಸಿ ನೋಡಿ."

ಫ್ಯಾನ್ ನಿಂತಿತು. ಹಾಳೆ ನಿಲ್ಲಲಿಲ್ಲ. ಮರುದಿನವೇ ಸೊಸೆಯ ಕುರ್ಚಿ ರೋಗಿಗಳ ಚೀಟಿ ಬರೆಯುವ ಕೌಂಟರಿಗೆ ಬಂತು. ಬಸುರಿಯರಿಗೂ ಮಕ್ಕಳಿಗೂ ಹೊಸದಾಗಿ ಬೆಳ್ಳಿ ತುಂಬಿಸುವುದನ್ನು ಕಾಲೇಜು ನಿಲ್ಲಿಸಿತು.

"ಮನೇಲಿ ನಮ್ಮತ್ತೆ ನನ್ನ ಜೊತೆ ಜಗಳ ಆಡ್ತಾರೆ, ಇಲ್ಲಿ ನನಗೋಸ್ಕರ ಆಡಿದ್ರು. ಅಲ್ಲಿಗೆ ಸರಿಹೋಯ್ತು," ಎಂದು ಕೌಂಟರಿನ ಹಿಂದೆ ಕೂತ ಸೊಸೆ ನಗುತ್ತಾಳೆ.

ಬೆಳ್ಳಿ ಹಲ್ಲು ವಿಷ ಎಂದು ಫೋನಿನಲ್ಲಿ ಬಂದ ಸಂದೇಶ ಓದಿ ಗಾಬರಿಯಾದವರು ಈಗ ಹಲ್ಲಕ್ಕನನ್ನು ಹುಡುಕಿಕೊಂಡು ಬರುತ್ತಾರೆ. ಇದ್ದಬದ್ದ ಬೆಳ್ಳಿಯನ್ನೆಲ್ಲ ಕೀಳಿಸಿಬಿಡಲೇ ಎಂದು ಕೇಳುತ್ತಾರೆ. ಅವರಿಗೆ ಹಲ್ಲಕ್ಕ ಬಾಯಿ ತೆರೆದು ತಮ್ಮ ಮೂರು ಬೆಳ್ಳಿ ಹಲ್ಲು ತೋರಿಸುತ್ತಾರೆ. "ಗಟ್ಟಿಯಾಗಿ ಕೂತಿದಾವೆ, ಕೂತಿರ್ಲಿ. ಸುಮ್ನಿರಲಾರದೆ ಇರುವೆ ಬಿಟ್ಕೊಂಡ್ರಂತೆ. ಕೊರೆಯೋವಾಗ್ಲೇ ಆವಿ ಜಾಸ್ತಿ ಏಳೋದು. ಸಡಿಲಾಗಿದ್ರೆ, ಒಡೆದಿದ್ರೆ ಡಾಕ್ಟ್ರಿಗೆ ತೋರ್ಸಿ." ಇಷ್ಟು ನೇರವಾಗಿ ಹೇಳುವ ತಜ್ಞರನ್ನು ನಾನು ಹೆಚ್ಚು ಕಂಡಿಲ್ಲ.

ಎಂಟು ಗಂಟೆಗೆ ತಟ್ಟೆ ಖಾಲಿ. ಇವತ್ತು ಹದಿನೇಳು ಬೆಳ್ಳಿ ಹಲ್ಲು. ಹಲ್ಲಕ್ಕ ಕೈಗವಸು ಕಳಚಿ, ಬೆರಳು ಚಾಚಿ ನೋಡಿಕೊಳ್ಳುತ್ತಾರೆ. ದಿನಾ ಬೆಳಿಗ್ಗೆ ನೋಡಿಕೊಳ್ಳುವುದು ರೂಢಿಯಂತೆ. ನಡುಕ ಇನ್ನೂ ಇದೆ, ಆದರೆ ಗಮನವಿಟ್ಟರೆ ಮಾತ್ರ ಕಾಣುವಷ್ಟು. ಹೆರಿಗೆಗೆ ಇನ್ನು ಮೂರು ತಿಂಗಳು. ಅಷ್ಟರೊಳಗೆ ಏನಾಗಬೇಕು ಎಂದು ಕೇಳುತ್ತೇನೆ.

"ಹಸುಗೂಸಿನ ಉಗುರು ಬಲೇ ಚೂಪು, ಮುಖ ಪರಚ್ಕೊಂಡ್ಬಿಡುತ್ತೆ. ಕತ್ತರಿಸೋಕೆ ನನ್ನ ಮಗನಿಗೆ ಧೈರ್ಯ ಸಾಲ್ದು, ಅವನ ಸೈಜೇ ದೊಡ್ಡದು ಅಷ್ಟೆ. ಆ ಉಗುರು ನಾನು ಕತ್ತರಿಸ್ಬೇಕು. ನನ್ನ ಸೊಸೆ ಒಂಚೂರೂ ಹೆದರ್ದೆ ಮಗೂನ ಕೈ ತಂದು ನನ್ನ ಕೈಲಿ ಇಡ್ಬೇಕು."