ನಿದ್ದೆಮಾತು ಕೇಳುವ ತುಕ್ರಣ್ಣ

ಕತಾರಿನ ದೋಹಾ ಅಲ್ ಜದೀದಾ ಬಡಾವಣೆಯ ಗಲ್ಲಿಯಲ್ಲಿ ಬೆಳಗಿನ ಬಾಂಗ್ ಈಗಷ್ಟೇ ಮುಗಿದಿದೆ. ಮಂಜು ಇಳಿದಿದೆ. ಮರಳುಗಾಡಿನ ದೇಶದಲ್ಲಿ ಮಂಜೇ ಎಂದು ಹುಬ್ಬೇರಿಸಬೇಡಿ. ಚಳಿಗಾಲದ ಕೆಲವು ಬೆಳಗುಗಳಲ್ಲಿ ಸಮುದ್ರ ಯಾರಿಗೂ ಹೇಳದೆ ಊರೊಳಗೆ ಬಂದು ಹೋಗುತ್ತದೆ. ಆಗ ಎದುರಿನ ಕಟ್ಟಡಕ್ಕೆ ಎರಡನೇ ಮಹಡಿಯಿಂದ ಮೇಲೆ ಏನೂ ಇರುವುದಿಲ್ಲ. ಆ ಇಲ್ಲದ ಮಹಡಿಗಳ ಕೆಳಗೆ ಒಂದು ಬಿಳಿ ವ್ಯಾನು ನಿಂತಿದೆ. ಹಳೆಯ ಬೈರಾಸಿನಿಂದ ಅದರ ಗಾಜು ಒರೆಸುತ್ತಿರುವವರು ಬೆಳ್ತಂಗಡಿ ಕಡೆಯ ತುಕ್ರ. ಒಂದು ಸಣ್ಣ ಟ್ರಾನ್ಸ್‌ಪೋರ್ಟ್ ಕಂಪನಿಯ ಡ್ರೈವರ್. ವ್ಯಾನಿನಲ್ಲಿ ಕೂರುವ ಎಲ್ಲರಿಗೂ ತುಕ್ರಣ್ಣ.

ನನ್ನ ಅಕ್ಕ ಇದೇ ವ್ಯಾನಿನಲ್ಲಿ ಆಫೀಸಿಗೆ ಹೋಗುವವಳು. ರಜೆಗೆಂದು ಬಂದ ನನಗೆ, ಮಾಲುಗಳ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ, ಬರೆಯುವುದಾದರೆ ತುಕ್ರಣ್ಣನ ಬಗ್ಗೆ ಬರಿ ಎಂದು ಗದರಿಸಿ, ಬೆಚ್ಚಗೆ ಮಲಗಿದ್ದವಳನ್ನು ಎಬ್ಬಿಸಿ ಮುಂದಿನ ಸೀಟಿನಲ್ಲಿ ಕೂರಿಸಿದ್ದಾಳೆ. ಕೂರಿಸಿದವಳು ಹಿಂದೆ ಹೋಗಿ ಆಗಲೇ ಮಲಗಿಬಿಟ್ಟಿದ್ದಾಳೆ.

ಅಲ್ ಮುಂತಜಾದ ಹಳೆಯ ಕಟ್ಟಡಗಳ ಮುಂದೆ ಒಬ್ಬೊಬ್ಬರಾಗಿ ಹತ್ತುತ್ತಾರೆ. ಯಾರದೂ ಮಾತಿಲ್ಲ. ತಮ್ಮ ತಮ್ಮ ಸೀಟಿನಲ್ಲಿ ಕುಳಿತು, ತಲೆಯನ್ನು ಕಿಟಕಿಗೆ ಒಪ್ಪಿಸಿ, ಮನೆಯಲ್ಲಿ ಅರ್ಧಕ್ಕೆ ಬಿಟ್ಟು ಬಂದ ನಿದ್ದೆಯನ್ನು ಅಲ್ಲಿಂದಲೇ ಮುಂದುವರಿಸುತ್ತಾರೆ. ಇಳಿಯುವುದು ವೆಸ್ಟ್ ಬೇಯ ಆಫೀಸುಗಳ ಮುಂದೆ. ಅಲ್ಲಿಯವರೆಗೆ ತುಕ್ರಣ್ಣ ರೇಡಿಯೋ ಹಾಕುವುದಿಲ್ಲ, ಹಾರ್ನ್ ಒತ್ತುವುದಿಲ್ಲ. ಹಂಪು ಬಂದರೆ ವ್ಯಾನನ್ನು ಬಸುರಿ ಹೆಂಗಸಿನ ಕೈ ಹಿಡಿದು ದಾಟಿಸಿದ ಹಾಗೆ ದಾಟಿಸುತ್ತಾರೆ.

ನಿದ್ದೆ ಬಂದವರು ಸುಮ್ಮನೆ ಇರುತ್ತಾರೆಯೇ? ಸ್ವಲ್ಪ ಹೊತ್ತಿಗೆ ಹಿಂದಿನಿಂದ ಗೊಣಗಾಟ ಶುರುವಾಗುತ್ತದೆ. ಮಲಯಾಳ, ಹಿಂದಿ, ತುಳು, ಕೊಂಕಣಿ, ಎಲ್ಲವೂ ಮಂಜಿನಲ್ಲಿ ನೆನೆದು ಬಂದ ಹಾಗೆ ಮೆತ್ತಗೆ. ಮುಧೋಳದ ಗುರುಪಾದಪ್ಪನವರು ಒಂದು ಗೋಪುರದಂಥ ಕಟ್ಟಡದ ಸ್ಟೋರ್ ನೋಡಿಕೊಳ್ಳುವವರು, ಭಾರೀ ಗಟ್ಟಿ ಆಳು. ಅವರು ದಿನಾ ನಿದ್ದೆಯಲ್ಲಿ ಹೆಂಡತಿಯ ಜೊತೆ ಜಗಳ ಆಡುತ್ತಾರಂತೆ. ದಿನಾ ಸೋಲುತ್ತಾರಂತೆ ಕೂಡ. ಇದನ್ನು ಹೇಳುವಾಗ ತುಕ್ರಣ್ಣ ಕನ್ನಡಿಯಲ್ಲಿ ಹಿಂದೆ ನೋಡಿ, ಮೀಸೆಯಡಿ ನಗುತ್ತಾರೆ.

“ಎಚ್ಚರ ಇರುವಾಗ ಇವರು ಯಾರೂ ನನ್ನತ್ರ ಎಂತ ಹೇಳುದಿಲ್ಲ ಮೇಡಂ. ಹೇಗಿದ್ದೀರಿ ಅಂದ್ರೆ, ಫಸ್ಟ್ ಕ್ಲಾಸ್ ಅಂತಾರೆ. ನಿದ್ದೆಗೆ ಹಾಗೆ ಹೇಳ್ಲಿಕ್ಕೆ ಬರುದಿಲ್ಲ.”

ಈ ಕಿವಿ ಅವರಿಗೆ ಬಂದದ್ದು ಹೆಂಡತಿ ವಸಂತಿಯಿಂದ. ಹಿಂದೆ ತುಕ್ರಣ್ಣ ಬೇರೊಂದು ಕಂಪನಿಯಲ್ಲಿ ಡ್ರೈವರ್ ಆಗಿದ್ದರು. ಅದು ಬಾಗಿಲು ಹಾಕಿತು. ನಮ್ಮ ಕರಾವಳಿಯ ಜನರ ಒಂದು ಕ್ರಮ ನಿಮಗೆ ಗೊತ್ತಿರಬಹುದು: ಬಿಟ್ಟು ಬರುವ ಜಾಗದ ಒಂದು ಗುಂಡುಸೂಜಿಯೂ ನಮ್ಮ ಕಿಸೆಯಲ್ಲಿ ಉಳಿಯಬಾರದು, ಋಣ ಹರಿಯಿತು ಎಂದರೆ ಪೂರ್ತಿ ಹರಿಯಬೇಕು. ತುಕ್ರಣ್ಣ ಕೊನೆಯ ದಿನ ಕಾರಿನ ಕೀ, ಫೋನು, ಜೊತೆಗೆ ತನ್ನ ಮತ್ತು ಹೆಂಡತಿಯ ಇನ್ಶೂರೆನ್ಸ್ ಕಾರ್ಡು, ಎಲ್ಲವನ್ನೂ ಮೇಜಿನ ಮೇಲಿಟ್ಟು, ಹೆಸರು ಹೊಡೆದುಹಾಕಿ ಎಂದು ತಾವೇ ಹೇಳಿ, ಲಡ್ಡು ಹಂಚಿ, ಎದೆಯುಬ್ಬಿಸಿ ಮನೆಗೆ ಬಂದರು. ವಸಂತಿಗೆ ಪಿತ್ತಕೋಶದಲ್ಲಿ ಕಲ್ಲಿತ್ತು. ಇನ್ಶೂರೆನ್ಸಿನ ಖರ್ಚಿನಲ್ಲಿ ಆಪರೇಷನ್ನಿಗೆ ತಾರೀಕೂ ಗೊತ್ತಾಗಿತ್ತು. ಕಾರ್ಡು ಹೋದ ಮೇಲೆ, ನೋವೇ ಇಲ್ಲ, ಮಾಡಿಸುವುದು ಬೇಡ ಎಂದು ಆಕೆ ಆಸ್ಪತ್ರೆಗೆ ಹೋಗಲೇ ಇಲ್ಲ.

ಈ ಪ್ರಯಾಣದ ಆಮೇಲೆ ಒಂದು ದಿನ ಆಕೆಯನ್ನು ಅವರ ಒಂದು ಕೋಣೆಯ ಮನೆಯಲ್ಲಿ ಕಂಡೆ. ಹೊಲಿಗೆ ಮಿಷನ್ನಿನಿಂದ ಕಣ್ಣೆತ್ತದೆ ಹೇಳಿದರು: “ನೋವಿಲ್ಲ ಅಂತ ಹೇಳ್ಲಿಕ್ಕೆ ಖರ್ಚಿಲ್ಲ ಅಲ್ವಾ? ಹಾಗೆ ಹೇಳ್ತಾ ಇದ್ದೆ.”

ಎಚ್ಚರದಲ್ಲಿ ಹೇಳದ್ದನ್ನು ಆಕೆ ನಿದ್ದೆಯಲ್ಲಿ ಹೇಳಿದರು. ಅಮ್ಮಾ ಎಂದು ನರಳುವುದನ್ನು ತುಕ್ರಣ್ಣ ಕೇಳಿಸಿಕೊಂಡರು. ಊರಿಗೆ ಕರೆದುಕೊಂಡು ಹೋಗಿ ಆಪರೇಷನ್ ಮಾಡಿಸುವವರೆಗೆ ದಿನಾ ಕೇಳಿಸಿಕೊಂಡರು. ಆಮೇಲೆಯೇ ತಿಳಿದದ್ದು, ಬಾಗಿಲು ಹಾಕಿದರೂ ಆ ಕಂಪನಿ ಇವರಿಬ್ಬರ ಹೆಸರನ್ನು ಇನ್ಶೂರೆನ್ಸಿನಲ್ಲಿ ಇನ್ನೂ ಸ್ವಲ್ಪ ಕಾಲ ಉಳಿಸಿಕೊಳ್ಳುತ್ತಿತ್ತು ಎಂದು. ಕೇಳಿದ್ದರೆ ಸಾಕಿತ್ತು. ಕೇಳಿರಲಿಲ್ಲ.

ವ್ಯಾನು ಈಗ ಸಮುದ್ರದಂಚಿನ ಕಾರ್ನಿಶ್ ರಸ್ತೆಗೆ ಬಂದಿದೆ. ಎಡಕ್ಕೆ ಊರು, ಬಲಕ್ಕೆ ಸಮುದ್ರ ಎನ್ನಬೇಕು, ಆದರೆ ಎರಡೂ ಕಾಣುತ್ತಿಲ್ಲ. ಮರದ ದೋಣಿಗಳು ನೀರಿನ ಮೇಲಿವೆಯೋ ಆಕಾಶದಲ್ಲಿವೆಯೋ ತಿಳಿಯುವುದಿಲ್ಲ. ಇಲ್ಲೇ ಕೂತಿದ್ದರು ಎಂದು ತುಕ್ರಣ್ಣ ಒಂದು ಕಲ್ಲುಬೆಂಚನ್ನು ತೋರಿಸುತ್ತಾರೆ. ನನಗೆ ಬೆಂಚೂ ಕಾಣಲಿಲ್ಲ. ಅವರಿಗೆ ಕಂಡಿತು, ಸಾಕು.

ಕೂತಿದ್ದವರು ಯಜ್ಞೇಶ್. ಮೂಲ್ಕಿಯ ಹುಡುಗ, ವೆಸ್ಟ್ ಬೇಯ ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದವರು. ಹೆಂಡತಿ ಅಶ್ವಿತಾ ತುಂಬು ಬಸುರಿ. ಎರಡು ಸಲ ಬಸಿರು ನಿಲ್ಲದೆ ಹೋಗಿ, ಮೂರನೆಯದನ್ನು ಒಬ್ಬ ಡಾಕ್ಟರಮ್ಮ ಮೊದಲ ತಿಂಗಳಿಂದ ಅಂಗೈಯಲ್ಲಿಟ್ಟು ಕಾಪಾಡಿಕೊಂಡು ಬಂದಿದ್ದರು. ವಿಮಾನ ಹತ್ತುವ ಹಾಗಿಲ್ಲ. ಚಿಂತೆ ಮಾಡುವ ಹಾಗಿಲ್ಲ. ಆಸ್ಪತ್ರೆ ಖಾಸಗಿ, ದುಡ್ಡು ಕಟ್ಟುವುದೆಲ್ಲ ಕಂಪನಿಯ ಇನ್ಶೂರೆನ್ಸು. ಹೀಗಿರುವಾಗ ಯಜ್ಞೇಶರ ವಿಭಾಗವನ್ನೇ ಕಂಪನಿ ಮುಚ್ಚಿತು.

ನೋಟಿಸ್ ಅವಧಿಯ ಸಂಬಳ ಬರುತ್ತದೆ, ನಾಳೆಯಿಂದ ಬರಬೇಕಾಗಿಲ್ಲ ಎಂದರು. ಯಜ್ಞೇಶ್ ಏನು ಮಾಡಿದರು ಎಂದು ನಾನು ಹೇಳಬೇಕೇ? ಲ್ಯಾಪ್‌ಟಾಪು, ಗೇಟಿನ ಕಾರ್ಡು, ಗಂಡಹೆಂಡಿರ ಇನ್ಶೂರೆನ್ಸ್ ಕಾರ್ಡು, ಎಲ್ಲ ಒಪ್ಪಿಸಿದರು. ಎಲ್ಲ ಕಡೆಯಿಂದ ಹೆಸರು ತೆಗೆಯಿರಿ, ಖಲಾಸ್ ಎಂದರು. ಕೆಲಸದಿಂದ ತೆಗೆದ ಕಂಪನಿಗೇ ಒಂದು ಡಬ್ಬಿ ಲಡ್ಡು ಕೊಟ್ಟು ಬಂದರು. ಅಯ್ಯೋ ದೇವರೇ, ಈ ಲಡ್ಡುವಿನ ಅಭಿಮಾನಕ್ಕೆ ಏನು ಹೇಳುವುದು!

ಮನೆಯಲ್ಲಿ ಹೇಳಲಿಲ್ಲ. ಮರುದಿನವೂ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ತನ್ನ ಸೀಟಿನಲ್ಲಿ ಕೂತರು. ಆಫೀಸಿನ ಮುಂದೆಯೇ ಇಳಿದರು. ಆದರೆ ಮುಂಚೆ ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದ ಬ್ಯಾಗು ಈಗ ಕಾಲಬುಡದಲ್ಲಿ ಬಿದ್ದಿರುತ್ತಿತ್ತು. ಅಷ್ಟೇ ಅಲ್ಲ, ವ್ಯಾನು ತಿರುಗಿಸಿಕೊಂಡು ಬರುವಾಗ ಮನುಷ್ಯ ಸಮುದ್ರದ ಕಡೆ ನಡೆಯುವುದು ಕಾಣುತ್ತಿತ್ತು. ತುಕ್ರಣ್ಣ ಏನೂ ಕೇಳಲಿಲ್ಲ. ಆದರೆ ಕಿವಿ ಹಿಂದೆಯೇ ಇತ್ತು.

“ನಿದ್ದೆಯಲ್ಲಿ ಒಂದೇ ಮಾತು ಹೇಳ್ತಿದ್ರು ಮೇಡಂ. ಉಂಟು, ಉಂಟು ಅಂತ. ಯಾರೋ ಕೇಳ್ತಾ ಇದ್ದಾರೆ, ಇವರು ಸಮಾಧಾನ ಮಾಡ್ತಾ ಇದ್ದಾರೆ, ಹಾಗೆ. ಎಂತ ಉಂಟು ಅಂತ ಗೊತ್ತಾಗ್ಲಿಲ್ಲ. ಆದ್ರೆ ಇದ್ದದ್ದನ್ನು ಯಾರೂ ಅಷ್ಟು ಸಲ ಉಂಟು ಅನ್ನುದಿಲ್ಲ.”

ಒಂದು ಬೆಳಿಗ್ಗೆ ಎಲ್ಲರನ್ನೂ ಇಳಿಸಿದ ಮೇಲೆ ತುಕ್ರಣ್ಣ ಎರಡು ಕರಕ್ ಚಹಾ ಹಿಡಿದುಕೊಂಡು ಈ ಬೆಂಚಿಗೆ ಬಂದು ಪಕ್ಕದಲ್ಲಿ ಕೂತರು. ಚಹಾ ಅರ್ಧ ಆಗುವವರೆಗೆ ಇಬ್ಬರೂ ನೀರು ನೋಡಿದರು. ಆಮೇಲೆ ಯಜ್ಞೇಶ್ ತಾವಾಗಿಯೇ ಎಲ್ಲ ಹೇಳಿದರು. ಇನ್ಶೂರೆನ್ಸ್ ಇದೆಯಲ್ಲ ಎಂದು ಅಶ್ವಿತಾ ದಿನಾ ರಾತ್ರಿ ಕೇಳುತ್ತಾಳೆ, ಉಂಟು ಎಂದು ನಾನು ಹೇಳುತ್ತೇನೆ, ಹೆರಿಗೆಯ ದಿನ ಆಸ್ಪತ್ರೆಯ ಕೌಂಟರಿನಲ್ಲಿ ಏನು ಹೇಳಲಿ ಎಂದು ಅತ್ತರು. ತುಕ್ರಣ್ಣನಿಗೆ ನಿಯಮ ಕಾನೂನು ಒಂದೂ ಗೊತ್ತಿಲ್ಲ. ಗೊತ್ತಿದ್ದದ್ದು ತನ್ನ ಮನೆಯ ಕಥೆ ಮಾತ್ರ. ಅದನ್ನು ಹೇಳಿದರು, ಚಹಾದ ಲೋಟ ಕಸದ ಡಬ್ಬಿಗೆ ಹಾಕಿದರು, ಯಜ್ಞೇಶರನ್ನು ವ್ಯಾನಿಗೆ ಹತ್ತಿಸಿಕೊಂಡು ಸೀದಾ ಆ ಆಫೀಸಿನ ಮುಂದೆ ತಂದು ನಿಲ್ಲಿಸಿದರು.

ಲಿಫ್ಟಿನ ಬಾಗಿಲಲ್ಲಿ ಯಜ್ಞೇಶ್ ನಿಂತುಬಿಟ್ಟರು. “ನಾನೇ ಬೇಡ ಅಂತ ಹೇಳಿ ಬಂದವ. ಈಗ ಯಾವ ಬಾಯಲ್ಲಿ ಕೇಳುದು ತುಕ್ರಣ್ಣ?”

“ಬೇಡ ಅಂದ ಬಾಯಲ್ಲೇ ಕೇಳಿ. ನಮಗೆ ಇರುದು ಒಂದೇ ಬಾಯಿ ಅಲ್ವಾ?”

ಮೇಲೆ ಹೋಗಿ ತುಕ್ರಣ್ಣ ಮಾಡಿದ ಕೆಲಸ ನೆನೆದರೆ ಈಗಲೂ ಅವರಿಗೇ ನಾಚಿಕೆ. ಎಲ್ಲ ಶಕ್ತಿ ಆ ಪ್ಲಾಸ್ಟಿಕ್ ಕಾರ್ಡಿನಲ್ಲೇ ಇದೆ ಎಂದು ಅವರು ನಂಬಿದ್ದರು. ಬಸ್ಸಿನಲ್ಲಿ ಕೊಡೆ ಬಿಟ್ಟವರ ಹಾಗೆ, ಇವರು ಕಾರ್ಡು ಮರೆತು ಹೋಗಿದ್ದಾರೆ, ಕೊಟ್ಟುಬಿಡಿ ಎಂದು ಹರಕು ಹಿಂದಿಯಲ್ಲಿ ಕೇಳಿದರು. ಆಡಳಿತ ನೋಡಿಕೊಳ್ಳುವ ಸುಡಾನಿನ ಸಯೀದ್, ಡ್ರಾಯರಿನಿಂದ ಎರಡು ಕಾರ್ಡು ತೆಗೆದು ಮೇಜಿನ ಮೇಲಿಟ್ಟು ಜೋರಾಗಿ ನಕ್ಕರು. ಹೆಸರು ಕಂಪ್ಯೂಟರಿನಲ್ಲಿ ಇರಬೇಕು, ಇಲ್ಲದಿದ್ದರೆ ಇದರಲ್ಲಿ ಹಲ್ಲು ಕೆದಕಬಹುದು ಅಷ್ಟೇ ಎಂದರು. ಹೆಸರು ತೆಗೆದಿದ್ದೀರಾ ಎಂದು ಯಜ್ಞೇಶ್ ಕೇಳಿದರು.

ಇನ್ನೂ ತೆಗೆದಿರಲಿಲ್ಲ. ತಿಂಗಳ ಕೊನೆಗೆ ಕಳಿಸುವ ಹೆಸರುಗಳ ಜೊತೆ ಹೋಗುವುದಿತ್ತು. ನೋಟಿಸ್ ಮುಗಿಯುವವರೆಗೆ ಹೆಸರು ಇರುವುದು ಆ ಕಂಪನಿಯ ಪದ್ಧತಿ. ನೀನೇ ಬೇಡ ಅಂದೆ, ನಾನು ಯಾಕೆ ಬಲವಂತ ಮಾಡಲಿ ಎಂದರು ಸಯೀದ್. ಆದರೆ ನೋಟಿಸ್ ಮುಗಿಯುವುದು ಹೆರಿಗೆಗೆ ಮುಂಚೆ. ಕೆಲಸದಲ್ಲಿ ಇಲ್ಲದವನ ಹೆಸರನ್ನು ಆಮೇಲೆ ಇಟ್ಟುಕೊಳ್ಳಲು ಬರುವುದಿಲ್ಲ, ಮಾಫಿ, ಅಂದರೆ ಇಲ್ಲವೇ ಇಲ್ಲ, ಎಂದು ಕೈ ಚೆಲ್ಲಿದರು. ಅಲ್ಲಿಗೆ ಮುಗಿಯಬೇಕಿತ್ತು. ತುಕ್ರಣ್ಣ ಕಾರ್ಡುಗಳನ್ನು ನೋಡುತ್ತ ನಿಂತಿದ್ದರು. ಆಗ ಯಜ್ಞೇಶ್ ಹೇಳಿದರಂತೆ, ಇಂಗ್ಲಿಷಿನಲ್ಲಿ: ನನ್ನ ಮಗು ಹುಟ್ಟುವವರೆಗೆ ನನ್ನನ್ನು ಇಟ್ಟುಕೊಳ್ಳಿ.

ಸಯೀದ್ ಬೈಯಲು ಶುರು ಮಾಡಿದರು. ಲಡ್ಡು ಕೊಟ್ಟೆ, ಲೆಕ್ಕ ಒಪ್ಪಿಸಿದೆಯಾ? ಹಳೆಯ ಸೈಟುಗಳ ಲೆಕ್ಕ ಯಾರಿಗೂ ತಲೆಬುಡ ತಿಳಿಯದೆ ಬಿದ್ದಿದೆ, ಹೊಸಬರಿಗೆ ಹೇಳಿಕೊಡದೆ ಮೂಗಿನ ಮೇಲೆ ಸಿಟ್ಟು ಇಟ್ಟುಕೊಂಡು ಎದ್ದು ಹೋದೆಯಲ್ಲ. ಯಲ್ಲಾ, ನಡಿ, ಬಂದು ಕೂತು ಒಪ್ಪಿಸು. ಅದು ಮುಗಿಯುವವರೆಗೆ ನೀನು ಕಂಪನಿಯವನೇ, ನಿನ್ನ ಕೊನೆಯ ದಿನ ಮುಂದೆ ಹೋಗುತ್ತದೆ. ಮೇಲಿನವರಿಗೆ ನಾನು ಹೇಳುತ್ತೇನೆ.

ಆವತ್ತು ಸಂಜೆ ಯಜ್ಞೇಶ್ ಮನೆಯಲ್ಲಿ ಎಲ್ಲ ಹೇಳಿದರು. ಅಶ್ವಿತಾ ಎರಡು ದಿನ ಮಾತು ಬಿಟ್ಟಿದ್ದರಂತೆ. ನಾನು ಕೇಳಿದಾಗ ಈಗಲೂ ಮುಖ ಊದಿಸಿಕೊಂಡೇ ಹೇಳಿದರು: “ಕೆಲಸ ಹೋದದ್ದಕ್ಕೆ ಅಲ್ಲ. ನಂಗೆ ಸಿಟ್ಟು ಬಂದದ್ದು ಆ ಲಡ್ಡಿಗೆ.”

ಹೆರಿಗೆ ನೋವು ಬಂದದ್ದೂ ಇಂಥದ್ದೇ ಮಂಜಿನ ಬೆಳಗಿನಲ್ಲಿ. ಟ್ಯಾಕ್ಸಿ ಸಿಗಲಿಲ್ಲ. ಅಲ್ ಮುಂತಜಾದಲ್ಲಿ ಜನರನ್ನು ಹತ್ತಿಸಿಕೊಂಡು ಬರುತ್ತಿದ್ದ ವ್ಯಾನಿನ ಮುಂದಿನ ಸೀಟಿನಲ್ಲಿ, ಅಂದರೆ ನಾನೀಗ ಕೂತಿರುವಲ್ಲೇ, ಅಶ್ವಿತಾ ಹಲ್ಲು ಕಚ್ಚಿಕೊಂಡು ಕೂತರು. ಯಜ್ಞೇಶ್ ಹಿಂದಿನಿಂದ ಹೆಗಲು ಹಿಡಿದುಕೊಂಡರು. ತುಕ್ರಣ್ಣ ವೆಸ್ಟ್ ಬೇ ಬಿಟ್ಟು ಆಸ್ಪತ್ರೆಯ ದಾರಿ ಹಿಡಿದರು. ವ್ಯಾನು ತುಂಬ ಜನ, ಯಾರಿಗೂ ಎಚ್ಚರವಿಲ್ಲ. ದಾರಿಯೂ ಇಲ್ಲ, ಊರೂ ಇಲ್ಲ. ಬಿಳಿ ಮಂಜು, ಅದರೊಳಗೆ ಬಿಳಿ ವ್ಯಾನು, ಅದರೊಳಗೆ ಹತ್ತು ಹನ್ನೆರಡು ಕನಸು, ಮುಂದೆ ಹುಟ್ಟಲಿರುವ ಒಂದು ಮಗು. ನನಗೆ ಈ ಚಿತ್ರ ಬಿಟ್ಟು ಹೋಗುತ್ತಿಲ್ಲ.

“ಕಣ್ಣು ಬಿಟ್ಟ ನೋಡ್ತೀನಿ, ದವಾಖಾನಿ!” ಎಂದರು ಆಮೇಲೊಮ್ಮೆ ಎಚ್ಚರದಲ್ಲಿ ಸಿಕ್ಕ ಗುರುಪಾದಪ್ಪ. “ನಾ ಸತ್ತೇನೇನು ಅಂತ ಗಾಬರಿ ಆತರಿ.” ಆವತ್ತು ಎಲ್ಲರೂ ಆಫೀಸಿಗೆ ತಡ. ಯಾರೂ ದೂರು ಹೇಳಲಿಲ್ಲ.

ಬ್ಯಾಗು ಹಿಡಿದುಕೊಂಡು ತುಕ್ರಣ್ಣ ಕೌಂಟರಿನವರೆಗೆ ಹೋಗಿದ್ದರು. ಅಲ್ಲಿದ್ದ ಹುಡುಗಿ ಕೇಳುವ ಮೊದಲೇ, ಗಾಲಿಕುರ್ಚಿಯಲ್ಲಿದ್ದ ಅಶ್ವಿತಾ ಆ ನೋವಿನಲ್ಲೂ ಗಂಡನ ಕಡೆ ತಿರುಗಿ ದಿನಾ ಕೇಳುತ್ತಿದ್ದದ್ದನ್ನೇ ಕೇಳಿದರು. ಇನ್ಶೂರೆನ್ಸ್ ಉಂಟಲ್ಲ?

“ಉಂಟು” ಎಂದರು ಯಜ್ಞೇಶ್.

ಒಂದೇ ಸಲ ಹೇಳಿದ್ದು ಎಂದು ತುಕ್ರಣ್ಣ ನನಗೆ ಒತ್ತಿ ಹೇಳುತ್ತಾರೆ. ಹೇಳುವಾಗ ಕಣ್ಣು ರಸ್ತೆಯ ಮೇಲಿದೆ. ಮಗುವಿಗೆ ಮೋಕ್ಷಾ ಎಂದು ಹೆಸರಿಟ್ಟಿದ್ದಾರೆ. ಯಜ್ಞೇಶರ ಲೆಕ್ಕ ಒಪ್ಪಿಸುವ ಕೆಲಸ ಮುಗಿದು ಕಂಪನಿಯ ಋಣ ಈಗ ನಿಜವಾಗಿಯೂ ಹರಿದಿದೆ. ಹೊಸ ಕೆಲಸ ಇನ್ನೂ ಸಿಕ್ಕಿಲ್ಲ, ಹುಡುಕಾಟ ನಡೆದಿದೆ. ಅಂದಿನಿಂದ ಈ ವ್ಯಾನಿನಲ್ಲಿ ಒಂದು ಮಾತು ಬಾಯಿಂದ ಬಾಯಿಗೆ ಹೋಗಿದೆ: ಕೆಲಸ ಹೋದರೆ ಲಡ್ಡು ಆಮೇಲೆ, ಮೊದಲು ತುಕ್ರಣ್ಣನ ಹತ್ತಿರ ಹೋಗು. ಹೋದವರೆಲ್ಲರ ಹೆಸರು ಇನ್ಶೂರೆನ್ಸಿನಲ್ಲಿ ಉಳಿದಿದೆ ಎಂದೇನಿಲ್ಲ. ಎಷ್ಟೋ ಕಂಪನಿಗಳಲ್ಲಿ ಆಗದು ಎಂದಿದ್ದಾರೆ. ಕೇಳದೆ ಬಂದವರು ಮಾತ್ರ ಕಡಿಮೆಯಾಗಿದ್ದಾರೆ.

ವೆಸ್ಟ್ ಬೇ ಬಂತು. ಮಂಜಿನೊಳಗಿಂದ ಗೋಪುರಗಳು ಒಂದೊಂದಾಗಿ ಮೂಡುತ್ತಿವೆ. ತುಕ್ರಣ್ಣ ವ್ಯಾನು ನಿಲ್ಲಿಸಿ, ಹಿಂದೆ ಹೋಗಿ, ಮಲಗಿದವರ ಹೆಗಲನ್ನು ಮೆಲ್ಲಗೆ ಮುಟ್ಟಿ ಎಬ್ಬಿಸುತ್ತಾರೆ. ನನ್ನ ಅಕ್ಕನೂ ಏನೋ ಗೊಣಗುತ್ತಾ ಎದ್ದಳು. ಅವಳು ಏನು ಹೇಳಿದಳು ಎಂದು ಕೇಳಿದೆ. ಅದನ್ನು ಹೇಳುವ ಹಾಗಿಲ್ಲ ಎಂದು ತುಕ್ರಣ್ಣ ತಲೆಯಾಡಿಸಿದರು.

ಖಾಲಿ ವ್ಯಾನಿನಲ್ಲಿ ಹಿಂದಿರುಗುವಾಗ, ನಿಮಗೆ ಏನಾದರೂ ಆಸೆ ಇದೆಯೇ ಎಂದು ಕೇಳಿದೆ. ವಸಂತಿ ಈಗ ಸದ್ದಿಲ್ಲದೆ ಮಲಗುತ್ತಾಳೆ, ಇನ್ನೇನು ಬೇಕು ಎಂದರು. ಆ ಬೆಂಚು ದಾಟಿದ ಮೇಲೆ, ಕನ್ನಡಿಯಲ್ಲಿ ಖಾಲಿ ಸೀಟುಗಳನ್ನು ನೋಡುತ್ತ ಹೇಳಿದರು:

“ಒಂದು ದಿನ ಹಿಂದೆ ಕೂತು ನಾನೂ ನಿದ್ದೆ ಮಾಡ್ಬೇಕು ಮೇಡಂ. ನಾನು ಎಂತ ಹೇಳ್ತೇನೆ ಅಂತ ಯಾರಾದ್ರೂ ಕೇಳ್ಲಿ.”