ಹೆಸರು ಕೇಳದೆ ಬೀಳದ ಸೈನಿಕ

ಮಧ್ಯಾಹ್ನ ಊಟವಾದ ಮೇಲೆ ನನ್ನ ಮಡದಿ ಮಾಸಪತ್ರಿಕೆ ಬಿಡಿಸಿ ಕತೆ ಓದುತ್ತಾಳೆ, ನಾನು ಚಾಪೆಯ ಮೇಲೆ ಒರಗಿ ಎಲೆ ಅಡಿಕೆ ಜಗಿಯುತ್ತ ಕೇಳುತ್ತೇನೆ. ಇವತ್ತಿನದು ವಿಜ್ಞಾನದ ಕತೆಯಂತೆ. ಯಾವುದೋ ಗ್ರಹದಿಂದ ಕಬ್ಬಿಣದ ಮೈಯವನೊಬ್ಬ ಇಳಿದು ಬರುತ್ತಾನೆ, ಅವನ ಕಣ್ಣಿನಿಂದ ಸುಡುವ ಕಿರಣ ಹೊರಡುತ್ತದೆ, ಎದುರಿಗೆ ಸಾವಿರ ಸೈನಿಕರು. "ಅರೆಗಳಿಗೆಯಲ್ಲಿ ಸಾವಿರ ಮಂದಿಯೂ ಬೂದಿಯಾದರು" ಎಂದು ಓದಿ ಅವಳು ನಿಶ್ಚಿಂತೆಯಿಂದ ಹಾಳೆ ತಿರುವಿದಳು. ನನಗೆ ಮೈಯೆಲ್ಲ ಉರಿದುಹೋಯಿತು.

"ನಿಲ್ಸು. ಆ ಸಾವಿರ ಜನ ಸಾಲಾಗಿ ನಿಂತು ಏನು ಮಾಡ್ತಿದ್ರು? ಅವನ ಕಣ್ಣಿಗೆ ಒಂದು ಹಿಡಿ ಮಣ್ಣು ಎರಚೋಕೆ ಒಬ್ಬನಿಗೂ ತೋಚಲಿಲ್ವಾ?"

"ನೀವು ಕತೆ ಕೇಳ್ತೀರೋ, ತಕರಾರು ತೆಗೀತೀರೋ?" ಎಂದಳು.

ಈ ತಕರಾರು ನನ್ನದಲ್ಲ, ಸ್ವಾಮಿ. ನನ್ನ ಸೋದರಮಾವ ಮಲ್ಲೇಗೌಡನದು. ಅವನಿಂದ ನನಗೆ ಅಂಟಿಕೊಂಡ ರೋಗ ಇದು. ಅವನು ಹೋಗಿ ಎಷ್ಟೋ ವರ್ಷವಾದರೂ ವಾಸಿಯಾಗಿಲ್ಲ.

ನಮ್ಮ ಹೆಮ್ಮರಗಾಲದಲ್ಲಿ ಸುಗ್ಗಿ ಮುಗಿದ ಮೇಲೆ ಬಯಲಾಟ ಕಲಿಯುತ್ತಿದ್ದೆವು. ಹಾಡು ಬರುವವನಿಗೆ ರಾಜನ ವೇಷ, ಕುಣಿತ ಬರುವವನಿಗೆ ಮಂತ್ರಿಯದು, ಮೀಸೆ ಬಾರದವನಿಗೆ ರಾಣಿಯದು. ಏನೂ ಬಾರದವನು ಸೈನಿಕ. ನಾನು ಐದು ವರ್ಷ ಬಿಡದೆ ಸೈನಿಕನಾಗಿದ್ದೆ ಎಂದರೆ ನನ್ನ ಯೋಗ್ಯತೆ ನಿಮಗೆ ತಿಳಿದೀತು. ಮಾವ ನಮ್ಮ ಜೊತೆ ಸೇರಿದ ವರ್ಷದ ಆಟವನ್ನು ಕಲಿಸುವ ಭಾಗವತ ನಂಜಪ್ಪನೇ ಕಟ್ಟಿದ್ದ. ಅದರ ನಾಯಕ ಅಗ್ನಿನೇತ್ರ ಮಹಾರಾಜ, ವರದ ಬಲದಿಂದ ನೋಡಿದವರನ್ನು ಸುಡಬಲ್ಲವನು. ಪಟೇಲರ ಮಗ ಬಸಪ್ಪನಿಗೆ ಆ ವೇಷ. ಅವನು ಕಣ್ಣು ಕೆಕ್ಕರಿಸಿದೊಡನೆ ಪಕ್ಕದಲ್ಲಿ ನಿಂತ ಪಂಜಿನವನು ಪಂಜಿಗೆ ರಾಳದ ಪುಡಿ ಎರಚಬೇಕು, ಬೆಂಕಿ ಭುಗ್ಗೆನ್ನಬೇಕು, ನಾವು ನಾಲ್ವರು ಸೈನಿಕರು ದೊಪ್ಪನೆ ಬೀಳಬೇಕು.

ಇನ್ನೊಂದು ಪದ್ಧತಿಯನ್ನೂ ಹೇಳಬೇಕು. ಯಾವ ವೇಷ ರಂಗಕ್ಕೆ ಬಂದರೂ ಸಾರಥಿ, ಅಂದರೆ ಜನರನ್ನು ನಗಿಸುವ ಪಾತ್ರದವನು, ಎದುರು ನಿಂತು "ಬಂದಂಥವರು ಯಾರು? ಯಾವ ಊರು? ಏನು ಹೆಸರು?" ಎಂದು ಕೇಳಲೇಬೇಕು. ರಾಜನನ್ನು ಕೇಳುತ್ತಾನೆ, ರಾಜನ ಅಡುಗೆಯವನನ್ನೂ ಕೇಳುತ್ತಾನೆ. ಸೈನಿಕರನ್ನು ಮಾತ್ರ ಕೇಳುವುದಿಲ್ಲ. ಬೀಳುವವರ ಹೆಸರು ಕಟ್ಟಿಕೊಂಡು ಯಾರಿಗೇನು?

ಮಾವ ನಿಜವಾದ ಮಹಾರಾಜರ ಕುದುರೆ ಪಡೆಯಲ್ಲಿದ್ದವನು. ಕಡಲಾಚೆಯ ಯುದ್ಧಕ್ಕೆ ಹೋಗಿ ಒಂದು ಕಾಲು ಎಳೆದು ಹಾಕುತ್ತ ಮರಳಿ ಬಂದಿದ್ದ. ಕುಣಿಯಲಾರದ ಅವನಿಗೂ ಸೈನಿಕನ ವೇಷವೇ ಸಿಕ್ಕಿತು. ಅಭ್ಯಾಸದ ಮೊದಲ ದಿನ ರಾಳ ಭುಗ್ಗೆಂದಿತು, ನಾವು ಮೂವರು ಬಿದ್ದೆವು. ಮಾವ ಸೊಂಟದ ಮೇಲೆ ಕೈಯಿಟ್ಟು ನಿಂತೇ ಇದ್ದ.

"ಇವನು ಕಣ್ಬುಟ್ರೆ ನಾವ್ಯಾಕ್ಲಾ ಸಾಯ್ಬೇಕು?"

"ವರ ಅದೆ ಕಣಯ್ಯ ಅವನ್ಗೆ" ಎಂದ ಭಾಗವತ.

"ವರ ಇರೋದು ಪಂಜಿನವನ ಕೈಲಿ. ಮೊದ್ಲು ಅವನ್ನ ಇಡ್ಕಳಿ. ಇಬ್ರು ಎಡಕ್ಕೋಗಿ, ಒಬ್ಬ ಇಂದಕ್ಕೋಗಿ. ಸಾಲಾಗಿ ನಿಂತ್ರೆ ಸಾಯ್ತೀವಿ. ಬಸಪ್ಪ ಪದ ಏಳೋವಾಗ ಕಣ್ಣು ಮುಚ್ತಾನೆ, ಆಗ ನುಗ್ಗಿ."

ಹೀಗೆ ಎಂಟು ದಿನ. ಮೂರನೆಯ ದಿನ ನಾವು ನಿಜವಾಗಿಯೂ ಪಂಜಿನವನನ್ನು ಹಿಡಿದೆವು. ಅವನು ಹೆದರಿ ಪಂಜು ಬಿಟ್ಟ, ಮುಖವೀಣೆ ಊದುವವನ ಪಂಚೆ ಸುಟ್ಟಿತು. ಐದನೆಯ ದಿನ ಬಸಪ್ಪ ಕಿರೀಟ ಕುಕ್ಕಿ ಮನೆಗೆ ಹೋದ. ಅವನನ್ನು ಕರೆತರಲು ನನ್ನನ್ನೇ ಕಳಿಸಿದರು. ನನಗೋ ಬೇಗ ಸತ್ತು ಮನೆಗೆ ಹೋಗಿ ಮುದ್ದೆ ಉಂಡರೆ ಸಾಕಾಗಿತ್ತು. ಕೊನೆಗೆ ತಡೆಯಲಾರದೆ ಕೇಳಿದೆ.

"ಮಾವ, ಸುಮ್ನೆ ಬಿದ್ಬುಡು. ಬೀಳೋದು ಏನ್ ಕಷ್ಟ?"

ಮಾವ ಹೊಂಗೆ ಮರದ ಬುಡದಲ್ಲಿ ಕೂತು ಕಾಲು ನೀವಿಕೊಂಡ.

"ನರಸೀಪುರದ ಕೆಂಪಯ್ಯ ಅಂತ, ನನ್ನ ಪಕ್ಕದ್ ಕುದ್ರೆಯವನು. ಅಲ್ಲಿ ಗುಡ್ಡದ್ ಮೇಲೆ ಒಂದು ಬಂದೂಕ, ಒಂದೇ ಉಸ್ರಿಗೆ ಒಂದು ಸಾಲನ್ನೇ ಮಲಗ್ಸೋದು. ನಮ್ ಕೈಲಿದ್ದದ್ದು ಈಟಿ. ನಾವು ಎಲ್ಡು ಗುಂಪಾಗಿ ಒಡ್ದೋದೊ. ಅವನು ಎದುರ್ಗೇ ನುಗ್ದ, ಬಂದೂಕ ಅವನ್ ಕಡೆ ತಿರುಗ್ತು. ನಾವು ಇಂದ್ಲಿಂದ ಓಗಿ ಅದನ್ನ ಇಡುದೊ. ಅವನು ಎದ್ದೇಳ್ನಿಲ್ಲ."

ಬಿದ್ದಿದ್ದ ಹೊಂಗೆ ಕಾಯಿಯೊಂದನ್ನು ಸುಲಿಯುತ್ತ ಮಾವ ಮುಂದುವರಿಸಿದ. "ಊರಿಗೆ ಬಂದ್ಮೇಲೆ ಅವರಕ್ಕನ್ನ ನೋಡಕ್ಕೋದೆ. ಅವಳಿಗೆ ಬಂದ ಕಾಗ್ಜದಲ್ಲಿ ಒಂದು ನಂಬರು ಇತ್ತು ಕಣ್ಲಾ, ಎಸ್ರಿಲ್ಲ. 'ನನ್ ತಮ್ಮ ಅಲ್ಲಿದ್ದ ಅಂತ ಒಬ್ರಾದ್ರೂ ಏಳ್ನಿಲ್ವಲ್ಲಪ್ಪ' ಅಂದ್ಲು. ಅವಳು ಕೊಟ್ಟ ಮಜ್ಜಿಗೆ ಕುಡ್ದು ಎದ್ಬಂದೆ. ಆವಮ್ಮ ಆಟಕ್ಕೆ ಬತ್ತಾಳೆ. ಸಾರಥಿ ನನ್ನೊಬ್ಬನ್ನ ಎಸ್ರು ಕೇಳ್ಲಿ, ಅವನೆಸ್ರು ಏಳಿ ಬೀಳ್ತೀನಿ. ಕೇಳ್ದಿದ್ರೆ ಬೀಳಲ್ಲ."

ಭಾಗವತನಿಗೆ ಹೇಳಿದೆ. "ಸೈನಿಕನ ಎಸ್ರು ಕೇಳೋ ಪದ್ಧತಿ ನಮ್ಮ ತಾತನ ಕಾಲದಲ್ಲೂ ಇರ್ನಿಲ್ಲ" ಎಂದು ಅವನು ತಾಳ ಒರೆಸತೊಡಗಿದ. ಹಟಮಾರಿಗಳ ನಡುವೆ ಸಿಕ್ಕಿಕೊಂಡವನ ಪಾಡು ಯಾರಿಗೂ ಬೇಡ.

ರಾತ್ರಿಯಿಡೀ ಆಡುವ ಬಯಲಾಟದಲ್ಲಿ ಯುದ್ಧ ಬರುವಷ್ಟರಲ್ಲಿ ಬೆಳಕು ಹರಿದಿರುತ್ತದೆ. ಆಟದ ದಿನ ಎಳೆಬಿಸಿಲಲ್ಲಿ ಬಸಪ್ಪ ಕಣ್ಣು ಕೆಕ್ಕರಿಸಿದ, ರಾಳ ಭುಗ್ಗೆಂದಿತು, ನಾವು ಮೂವರು ಬಿದ್ದೆವು. ನಾನು ಬಿದ್ದದ್ದು ಸರಿಯಾಗಿ ಮುಳ್ಳಿನ ಮೇಲೆ. ಮಾವ ನಿಂತೇ ಇದ್ದ. ಮತ್ತೆ ರಾಳ, ಮತ್ತೆ ಬೆಂಕಿ. ಮಾವ ಅಲುಗಲಿಲ್ಲ. ಜನ ನಗತೊಡಗಿದರು. "ಬೀಳಯ್ಯ, ನಿನ್ ದಮ್ಮಯ್ಯ" ಎಂದು ಬಸಪ್ಪ ಹಲ್ಲು ಕಚ್ಚಿ ಪಿಸುಗುಟ್ಟಿದ. ಭಾಗವತ ಅದೇ ಪದವನ್ನು ನಾಲ್ಕನೆಯ ಸಲ ಎತ್ತಿಕೊಂಡ. ಸಾರಥಿ ಎಲ್ಲೋ ನೋಡುತ್ತ ನಿಂತಿದ್ದ. ಮುಳ್ಳು ಬೇರೆ ಒಳಗಿಳಿಯುತ್ತಿತ್ತು. ನನಗೆ ತಾಳ್ಮೆ ತಪ್ಪಿತು. ಸತ್ತಲ್ಲಿಂದಲೇ ತಲೆಯೆತ್ತಿ ಕೂಗಿದೆ:

"ಬಂದಂಥವರು ಯಾರು? ಯಾವ ಊರು? ಏನು ಹೆಸರು?"

ದೊಡ್ಡ ಮನಸ್ಸಿನಿಂದ ಕೇಳಿದೆ ಎಂದು ತಿಳಿಯಬೇಡಿ. ರೋಸಿಹೋಗಿ ಕೇಳಿದ್ದು.

ಮಾವ ಜನರ ಕಡೆ ತಿರುಗಿ, ಕುಂಟು ಕಾಲನ್ನು ಎಳೆದು ಜೋಡಿಸಿ, ನೆಟ್ಟಗೆ ನಿಂತ. "ನನ್ನ ಎಸ್ರು ಕೆಂಪಯ್ಯ. ಊರು ನರಸೀಪುರ. ಗುಡ್ಡದ್ ಮೇಲಿನ ಬಂದೂಕಕ್ಕೆ ಎದೆ ಕೊಟ್ಟೋನು. ನನ್ನಿಂದ ಇಪ್ಪತ್ತು ಜನ ಮನೆಗೋದ್ರು" ಎಂದ.

ಹೆಂಗಸರ ಸಾಲಿನಲ್ಲಿ ಒಬ್ಬಾಕೆ ಎದ್ದು ನಿಂತಳು. ಅಳಲಿಲ್ಲ. ಸುತ್ತ ಕೂತವರನ್ನೆಲ್ಲ ಒಮ್ಮೆ ನೋಡಿ, "ನನ್ ತಮ್ಮ" ಎಂದಳು.

ಪಂಜಿನವನು ಹಿಡಿಯಲ್ಲಿದ್ದ ರಾಳದ ಪುಡಿಯನ್ನು ಹಾಗೇ ಹಿಡಿದು ನಿಂತ. ಬಸಪ್ಪ ನೆಲ ನೋಡಿದ. ಅಗ್ನಿನೇತ್ರ ಮಹಾರಾಜನಿಗೆ ಕಣ್ಣೆತ್ತಲು ಆಗಲಿಲ್ಲ. ಯಾರೂ ಕೊಲ್ಲದಿದ್ದರೂ ಮಾವ ತಾನಾಗಿಯೇ, ಆ ಕಾಲನ್ನು ಜೋಪಾನವಾಗಿ ಮಡಿಸಿ, ನನ್ನ ಪಕ್ಕದಲ್ಲಿ ಮಲಗಿದ. ಸತ್ತವನು ಮಾತಾಡಿ ಆಟ ಕೆಡಿಸಿದೆ ಎಂದು ಭಾಗವತ ನನ್ನನ್ನು ಒಂದು ವರ್ಷ ಬೈದ.

ಇಷ್ಟನ್ನೂ ಹೇಳಿ ಮುಗಿಸಿದಾಗ ನನ್ನ ಎಲೆ ಅಡಿಕೆ ಸಪ್ಪಗಾಗಿತ್ತು. ಮಡದಿ ತಿರುವಿದ್ದ ಹಾಳೆಯನ್ನು ಹಿಂದಕ್ಕೆ ತಂದಿದ್ದಳು.

"ಈ ಸಾವಿರದಲ್ಲಿ ಒಬ್ಬರ ಹೆಸರೂ ಬರೆದಿಲ್ಲ" ಎಂದಳು.

"ನೀನೇ ಒಬ್ಬನಿಗೆ ಇಡು" ಎಂದೆ.

ಅವಳ ತವರು ಹುಲ್ಲಹಳ್ಳಿ. ಸ್ವಲ್ಪ ಯೋಚಿಸಿ, "ಚಿಕ್ಕಣ್ಣ. ಹುಲ್ಲಹಳ್ಳಿಯವನು. ಮನೇಲಿ ಅವ್ವ ಒಬ್ಬಳೇ" ಎಂದಳು. ಆಮೇಲೆ ಕನ್ನಡಕ ಸರಿಮಾಡಿಕೊಂಡು ಓದತೊಡಗಿದಳು. ಕಬ್ಬಿಣದ ಮೈಯವನು ಬಂದ, ಸೈನಿಕರತ್ತ ತಿರುಗಿದ, ಕಣ್ಣು ತೆರೆದ. ಅವಳು ಅಲ್ಲಿಗೆ ನಿಲ್ಲಿಸಿದಳು.

"ಮುಂದೆ ಓದು" ಎಂದೆ.

"ನನ್ನ ಕೈಲಾಗಲ್ಲ" ಎಂದು ಅವಳು ಪತ್ರಿಕೆ ಮಡಿಸಿಟ್ಟಳು.