ಹೊಕ್ಕುಳಬಳ್ಳಿಯ ರಕ್ತ ಕಲ್ಯಾಣದುರ್ಗಕ್ಕೆ ಹೋದದ್ದು

ನನ್ನ ತಂಗಿ ಹೆತ್ತ ಬೆಳಿಗ್ಗೆ ನಾನು ಮಗುವಿನ ಮುಖಕ್ಕಿಂತ ಮೊದಲು ಟ್ಯೂಬು ನೋಡಿದೆ. ಈ ಮಾತು ಬಂದರೆ ಅವಳು ಇವತ್ತಿಗೂ ನನ್ನನ್ನು ರಕ್ತಪಿಶಾಚಿ ಅಂತಲೇ ಕರೆಯುತ್ತಾಳೆ. ಕರೀಲಿ. ಹೊಕ್ಕುಳಬಳ್ಳಿಯಲ್ಲಿ ಉಳಿದಿದ್ದ ರಕ್ತ ಆ ಟ್ಯೂಬಿನ ತುಂಬ ಕಡುಗೆಂಪಾಗಿ, ಹೆಪ್ಪುಗಟ್ಟದೆ ನಿಂತಿತ್ತು. ಅದಕ್ಕೆ ಮೊದಲು ಬೇರೆ ಕಡೆಯಿಂದ ತಂದದ್ದೆಲ್ಲ ದಾರಿಯಲ್ಲೇ ಹೆಪ್ಪುಗಟ್ಟಿ ನನ್ನ ಹೊಟ್ಟೆ ಉರಿಸಿತ್ತು.

ಎರಡು ಸಾವಿರದ ಇಸವಿ ಕಳೆದ ಮೊದಲ ವರ್ಷಗಳು. ಹಿಂದೂಪುರದ ನೇಕಾರರ ಮನೆಯ ಹುಡುಗಿಯಾದ ನಾನು ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದೆ. ನಮ್ಮ ರಕ್ತದಲ್ಲಿ ಕಾವಲು ಕಾಯುವ ಬಿಳಿಕೋಶಗಳಿವೆ. ಅವುಗಳಲ್ಲಿ ಟಿ ಕೋಶಗಳಿಗೆ ಮೈಮೇಲೆ ಒಂದು ಗ್ರಾಹಕ, ಅಂದರೆ ರಿಸೆಪ್ಟರು, ಇರುತ್ತದೆ. ಅದರಿಂದ ತಡವಿ, ಇವನು ಇಂಥವನೇ ಎಂದು ಗುರುತು ಹಿಡಿದ ಮೇಲೆಯೇ ಅವು ಕೈ ಎತ್ತುತ್ತವೆ. ಇನ್ನೊಂದು ಬಗೆ ನ್ಯಾಚುರಲ್ ಕಿಲ್ಲರ್. ಅವಕ್ಕೆ ಆ ಗ್ರಾಹಕವೂ ಬೇಡ, ಮೊದಲಿನ ಪರಿಚಯವೂ ಬೇಡ. ಕೆಟ್ಟಿದೆ ಎನ್ನಿಸಿದ ಕೋಶವನ್ನು ಮುಗಿಸಿಬಿಡುತ್ತವೆ. ಆದರೆ ಹುಟ್ಟದ ಮಗುವಿನ ರಕ್ತದಲ್ಲಿ ಕಿಲ್ಲರ್ ಕೆಲಸವನ್ನೂ ಮಾಡುವ, ಟಿ ಕೋಶದ ಗ್ರಾಹಕವನ್ನೂ ಹೊತ್ತಿರುವ ಕೆಲವು ಕೋಶಗಳಿರುತ್ತವೆ. ಮನೇಲಿ ಕನ್ನಡ, ಬೀದೀಲಿ ತೆಲುಗು ಆಡುವ ನಮ್ಮಂಥವರ ಹಾಗೆ. ಅವನ್ನು ಹುಡುಕುವುದೇ ನನ್ನ ಕೆಲಸ, ಮತ್ತು ಹೊಕ್ಕುಳಬಳ್ಳಿಯ ರಕ್ತ ಭ್ರೂಣದ ರಕ್ತವೇ ತಾನೆ.

ಹೆರಿಗೆಗೆಂದು ಹಿಂದೂಪುರದ ತೌರಿಗೆ ಬಂದಿದ್ದ ತಂಗಿ ಒಪ್ಪಿ ಸಹಿ ಹಾಕಿದ್ದಳು, ಡಾಕ್ಟರಮ್ಮನೂ ಆಗಲಿ ಅಂದಿದ್ದರು. ಮಾರನೆಯ ಬೆಳಿಗ್ಗೆ, ಬಣ್ಣ ಹಚ್ಚಿದ ಕೋಶಗಳನ್ನು ಒಂದೊಂದಾಗಿ ಗುರುತಿಸುವ ಲ್ಯಾಬಿನ ದೊಡ್ಡ ಮೆಷಿನ್ನಿನಲ್ಲಿ ನನ್ನ ಸರದಿ. ಅದು ತಪ್ಪಿದರೆ ಮತ್ತೆ ತಿಂಗಳುಗಟ್ಟಲೆ ಕಾಯಬೇಕು, ಅಷ್ಟರಲ್ಲಿ ನನ್ನ ಫೆಲೋಶಿಪ್ಪು ಮುಗಿಯುತ್ತಿತ್ತು. ಟ್ಯೂಬನ್ನು ನರ್ಸಮ್ಮನ ಮೇಜಿನ ಮೇಲಿಟ್ಟು, ಮಗುವನ್ನು ಮುದ್ದಾಡಿ, ಬಾಣಂತಿಗೆ ಬಿಸಿನೀರು ತಂದುಕೊಟ್ಟು ಹಿಂದಿರುಗಿ ನೋಡುತ್ತೇನೆ, ಮೇಜು ಖಾಲಿ.

"ನಿಮ್ಮ ಬೀಗಿತ್ತಿ ತಕ್ಕೊಂಡೋದ್ರು," ಅಂದಳು ನರ್ಸಮ್ಮ. "ಮಾಸು ಕೊಡಮ್ಮ, ನಮ್ಮೂರ ಮಣ್ಣಲ್ಲೇ ಹೂಳ್ಬೇಕು ಅಂದ್ರು. ಟ್ಯೂಬ್ ನೋಡಿ ಇದ್ಯಾರ್ದು ಅಂತ ಕೇಳಿದ್ರು. ಮಗೂದೇ ರಕ್ತ ಅಂದೆ. ಹಂಗಾದ್ರೆ ಇದೂ ನಮ್ದೇ ಅಂತ ಮಡಕೇಲಿ ಹಾಕ್ಕೊಂಡ್ಬುಟ್ರು."

ಅಯ್ಯೋ ದೇವರೇ! ತಂಗಿಯ ಅತ್ತೆ ಕಲ್ಯಾಣದುರ್ಗದವರು. ಹೆರಿಗೆಯಾದ ಮೇಲೆ ಬರುವ ಮಾಸನ್ನು ಹುಟ್ಟಿದ ಊರಲ್ಲೇ ಹೂಳುವುದು ನಮ್ಮ ಕಡೆಯ ರೂಢಿ. ಇವರು ಮಾತ್ರ ಅಮ್ಮನ ಮಾತಿಗೂ ಸೊಪ್ಪು ಹಾಕದೆ, ಹೊಸ ಮಡಕೆಯಲ್ಲಿಟ್ಟು ಬಟ್ಟೆ ಕಟ್ಟಿ ಬಸ್ಸು ಹತ್ತಿಯಾಗಿತ್ತು. ಕಂಡಕ್ಟರು ಅದೇನೆಂದು ಕೇಳಿದ್ದಕ್ಕೆ, "ಮಾ ಇಂಟಿದಿ, ನೀಕೆಂದುಕು?" ಎಂದು ಬಾಯಿ ಮುಚ್ಚಿಸಿದರಂತೆ. ನಮ್ಮ ಮನೇದು, ನಿನಗ್ಯಾಕೆ ಅಂತ.

ನಾನು ಮುಂದಿನ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಅವರನ್ನು ಮನಸ್ಸಿನಲ್ಲೇ ಬೈದುಕೊಂಡೆ. ಪಾವಗಡದಲ್ಲಿ ಡ್ರೈವರು ಟೀ ಕುಡಿಯಲು ಇಳಿದಾಗ ಅವನನ್ನೂ ಸೇರಿಸಿ ಬೈದೆ. ರಕ್ತ ಒಂದು ದಿನ ತಡೆಯುತ್ತದೆ, ಅದಕ್ಕಿಂತ ಹೆಚ್ಚು ನಂಬುವ ಹಾಗಿಲ್ಲ.

ಹೋಗಿ ನೋಡಿದರೆ ಅತ್ತೆ ಹಿತ್ತಲಲ್ಲಿ ಕೈಕಾಲು ತೊಳೆಯುತ್ತಿದ್ದರು. ಬಚ್ಚಲ ನೀರು ಹರಿಯುವ ಕಡೆ ಮಣ್ಣು ಹಸಿಯಾಗಿತ್ತು, ಮೇಲೆ ಚಪ್ಪಡಿಕಲ್ಲು. ಮೋಟುಗೋಡೆಯ ಆಚೆ ಅವರ ವಾರಗಿತ್ತಿ ಕಡಲೆಕಾಯಿ ಬಿಡಿಸುತ್ತಾ, ಕಿವಿ ಮಾತ್ರ ಈಚೆಗೆ ಕೊಟ್ಟು ಕೂತಿದ್ದರು.

"ಅತ್ತೆ, ನನ್ನ ಟ್ಯೂಬು!"

"ಹೂತಾಯ್ತು ಕಣಮ್ಮ. ಉಪ್ಪು, ಅರಿಶಿನ, ಬೇವಿನಸೊಪ್ಪು ಎಲ್ಲಾ ಹಾಕಿವ್ನಿ. ಹೂತಿದ್ದನ್ನ ತೆಗೆದ್ರೆ ಮಗೀಗೆ ಆಗ್ಬರಲ್ಲ. ಬಾ, ಊಟ ಮಾಡು."

ಓದಿದ್ದೆಲ್ಲ ನೀರುಪಾಲಾಯಿತು ಅಂತ ಬಾಯಿಗೆ ಬಂದದ್ದು ಅಂದೆ. ಅವರು ಚಪ್ಪಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಗೋಡೆಯಾಚೆ ಕೇಳಿಸದ ಹಾಗೆ ಮೆಲ್ಲಗೆ ಹೇಳಿದರು.

"ನನ್ನ ಮೊದಲನೇ ಮಗೀದು ನಮ್ಮವ್ವ ಹೂತಿದ್ಳು, ತೌರುಮನೇಲಿ. ನಾಯಿ ಕೆರೆದು ಎಳಕೊಂಡೋಯ್ತು. ಎಳೇ ಕೂಸು, ಜರ ಬಂದು ಹೋಗ್ಬುಡ್ತು. ನಿಮ್ಮವ್ವ ನೆಟ್ಟಗೆ ಹೂಳ್ಲಿಲ್ಲ, ಅದಕ್ಕೇ ಹೋಯ್ತು ಅಂದ್ರು ಈ ಮನೇಲಿ. ಅಗೋ, ಗೋಡೆಯಾಚೆ ಕೂತವಳಲ್ಲ, ಅವಳೇ ಮೊದ್ಲು ಅಂದಿದ್ದು. ನಮ್ಮವ್ವ ಸಾಯೋಗಂಟ ಈ ಹೊಸಲು ತುಳೀಲಿಲ್ಲ. ಅದಕ್ಕೇ ಈ ಸಲ ನಿಮ್ಮವ್ವನ ಕೈಗೆ ಬಿಡ್ಲಿಲ್ಲ. ನಾಳೆ ಹೆಚ್ಚುಕಮ್ಮಿ ಆದ್ರೆ ಆ ಮಾತು ಅವರ ತಲೆಗೆ ಬೀಳಬಾರ್ದು."

ನಾನೂ ಅವರ ಪಕ್ಕ ಕೂತೆ. ಬೇರೇನೂ ತೋಚದೆ ನನ್ನ ಕೋಶಗಳ ಕತೆ ಹೇಳಿದೆ. ಮಗು ಇನ್ನೂ ಹೊಟ್ಟೆಯಲ್ಲಿರುವಾಗಲೇ ಅದರ ರಕ್ತದಲ್ಲಿ ಕಾವಲಿನವರು ತಯಾರಾಗಿರುತ್ತಾರೆ, ಕೆಲವರು ಗುರುತು ಕೇಳಿ ಹೊಡೆಯುವವರು, ಕೆಲವರು ಕೇಳದೆ ಹೊಡೆಯುವವರು, ಎರಡೂ ಬಲ್ಲವರು ಯಾರೆಂದು ನಾನು ನೋಡಬೇಕು ಎಂದೆ.

ಅತ್ತೆ ನನ್ನ ಕಡೆ ತಿರುಗಿದರು. "ಹೊಟ್ಟೇಲಿದ್ದಾಗ್ಲೇನಾ?"

"ಹೊಟ್ಟೇಲಿದ್ದಾಗ್ಲೇ ಅತ್ತೆ."

"ನೋಡಿ ನಂಗೆ ಹೇಳ್ತೀಯಾ, ಈ ಮಗೀಗೆ ಅದೆ ಅಂತ?"

"ಭವಿಷ್ಯ ಹೇಳಕ್ಕಾಗಲ್ಲ. ಕಂಡಿದ್ದನ್ನ ಹೇಳ್ತೀನಿ."

ಅವರು ಎದ್ದು ಹಾರೆ ತಂದರು. ನನ್ನನ್ನು ಮುಟ್ಟಗೊಡಲಿಲ್ಲ. ಚಪ್ಪಡಿ ಸರಿಸಿ, ಕೈಯಲ್ಲೇ ಮಣ್ಣು ಬಗೆದು, ಮಡಕೆಯ ಬಾಯಿ ಬಿಚ್ಚಿ, ಅರಿಶಿನ ಮೆತ್ತಿದ ಟ್ಯೂಬನ್ನು ಸೆರಗಲ್ಲಿ ಒರೆಸಿ ಕೊಟ್ಟರು. "ಕೆಲಸ ಆದ್ಮ್ಯಾಕೆ ಮಿಕ್ಕಿದ್ದು ತಂದ್ಕೊಡು. ಇಲ್ಲೇ ಸೇರ್ಬೇಕು ಅದು."

ಮಾರನೆಯ ದಿನ ಕತ್ತಲೆ ಮಾಡಿದ ಕೋಣೆಯಲ್ಲಿ ಮೆಷಿನ್ನಿನ ಪರದೆ ನೋಡುತ್ತಾ ಕೂತಿದ್ದೆ. ಎರಡೂ ಗುರುತಿನ ಬಣ್ಣ ಹಿಡಿದ ಕೋಶಗಳು ಒಂದು ಮೂಲೆಯಲ್ಲಿ ಚುಕ್ಕಿಚುಕ್ಕಿಯಾಗಿ ಬಂದು ಕೂತವು. ಹೆಚ್ಚಿರಲಿಲ್ಲ, ಇದ್ದವು. ಖುಷಿಗೆ ಪಕ್ಕದವಳ ಭುಜಕ್ಕೊಂದು ಏಟು ಹಾಕಿದೆ, ಪಾಪ. ಟ್ಯೂಬಿನ ಹೊರಗೆ ಅಂಟಿದ್ದ ಹಳದಿ ಏನೆಂದು ಗೈಡು ಕೇಳಿದಾಗ, ನಮ್ಮೂರ ಕಡೆಯ ಲೇಬಲ್ಲು ಸರ್ ಅಂದೆ.

ಮಗುವಿನ ನಾಮಕರಣ ಕಲ್ಯಾಣದುರ್ಗದಲ್ಲಿ. ಉಳಿದಿದ್ದ ರಕ್ತವನ್ನು ಆವಿಯಲ್ಲಿ ಬೇಯಿಸಿ, ಯಾರಿಗೂ ಅಪಾಯವಿಲ್ಲದಂತೆ ಮಾಡಿ ತೆಗೆದುಕೊಂಡು ಹೋಗಿದ್ದೆ. ಗೈಡು ನಕ್ಕು ಒಪ್ಪಿದ್ದರು. ಹೋಳಿಗೆ ಊಟ ಮುಗಿದ ಮೇಲೆ ಅತ್ತೆ ನನ್ನನ್ನು ಹಿತ್ತಲಿಗೆ ಕರೆದು, ತಾವೇ ಅದನ್ನು ಹೂತು, ಕಲ್ಲು ಮುಚ್ಚಿದರು.

"ಏನಾಯ್ತು? ಅದೆಯಾ?"

"ಅದೆ ಅತ್ತೆ. ಕಣ್ಣಾರೆ ಕಂಡೆ."

ಮುಖ ಅರಳಿತು. ಆಮೇಲೆ ಕೈಯ ಮಣ್ಣು ಉಜ್ಜುತ್ತಾ, ನನ್ನ ಕಡೆ ನೋಡದೆ ಕೇಳಿದರು. "ನನ್ನ ಮೊದಲನೇದಕ್ಕೂ ಇತ್ತೇನಮ್ಮ?"

"ಇತ್ತು. ಎಲ್ಲಾ ಮಕ್ಕಳ ರಕ್ತದಾಗೂ ಕಾವಲು ಇರ್ತದೆ. ಮಾಸು ಹೊರಗೆ ಬಂದ್ಮೇಲೆ ಅದನ್ನ ಎಲ್ಲಿಟ್ರೂ, ಯಾರು ಎಳಕೊಂಡೋದ್ರೂ, ಮಗೀನ ಮೈಯಾಗಿರೋದು ಮೈಯಾಗೇ ಇರ್ತದೆ. ನಾಯಿಯಿಂದ ಏನೂ ಆಗ್ಲಿಲ್ಲ ಅತ್ತೆ. ಜರ ದೊಡ್ಡದು ಬಂತು, ಕಾವಲು ಸಾಲ್ದೇ ಹೋಯ್ತು. ಅಷ್ಟೇ."

ಅವರು ಸೀರೆ ಎತ್ತಿ ಕಟ್ಟಿ ಸರಸರ ಮೋಟುಗೋಡೆಯ ಹತ್ತಿರ ಹೋದರು. ಆಚೆ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ ವಾರಗಿತ್ತಿ ತಲೆ ಎತ್ತಿದರು.

"ಏನೇ, ಕೇಳಿಸ್ತೇನೇ?" ಅತ್ತೆಯ ದನಿ ಬೀದಿಗೆಲ್ಲ ಕೇಳುವ ಹಾಗಿತ್ತು. "ಓದಿದ ಹುಡುಗಿ ಮಿಷಿನ್ನಾಗೆ ನೋಡ್ಕೊಂಡು ಬಂದವಳೆ. ನಮ್ಮವ್ವನ ಕೈಯಾಗೆ ಏನೂ ತಪ್ಪಿರ್ಲಿಲ್ವಂತೆ ಕಣೇ!"